ವಾಹನವಿಲ್ಲದ ದ್ವೀಪಕ್ಕೆ ಹೊರಟ ಮಲೆನಾಡಿಗರಿಗೆ: ಲಕ್ಷದ್ವೀಪವೋ, ಮಾಲ್ಡೀವ್ಸೋ, ಗಿಲಿಯೋ?

ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆಯ ಸ್ನೇಹಿತರಿಂದ ಈಚೆಗೆ ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತಿದೆ. ಕಾರು, ಬೈಕಿನ ಸದ್ದಿಲ್ಲದ ಪುಟ್ಟ ದ್ವೀಪದಲ್ಲಿ ನಾಲ್ಕೈದು ದಿನ ಸುಮ್ಮನೆ ಬಿದ್ದುಕೊಂಡಿರಬೇಕು, ಎಲ್ಲಿಗೆ ಹೋಗೋಣ? ಒಬ್ಬರಿಗೆ ಮಾಲ್ಡೀವ್ಸ್ ಆಗಬೇಕು, ಇನ್ನೊಬ್ಬರಿಗೆ ಲಕ್ಷದ್ವೀಪ. ಮಕ್ಕಳು ಮೊಬೈಲಿನಲ್ಲಿ ಇಂಡೋನೇಷ್ಯಾದ ಗಿಲಿ ದ್ವೀಪಗಳನ್ನು ತೋರಿಸುತ್ತಾರೆ. ಮನೆಯ ಹಿರಿಯರು ಮಾತ್ರ ‘ದ್ವೀಪ ನೋಡಕ್ಕೆ ಅಷ್ಟು ದೂರ ಯಾಕೆ, ತುಮರಿಗೆ ಹೋಗಿ ಬನ್ನಿ’ ಎನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ತುಮರಿ ಕಡೆಯ ಹಳ್ಳಿಗಳ ಜನ ಬೇಡವೆಂದರೂ ದ್ವೀಪದವರಾದರು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವವರೆಗೂ ಲಾಂಚಿನ ಹೊತ್ತೇ ಅವರ ಗಡಿಯಾರವಾಗಿತ್ತು. ದುಡ್ಡು ಕೊಟ್ಟು ದ್ವೀಪಕ್ಕೆ ಹೋಗುವವರನ್ನು ಕಂಡರೆ ಅವರಿಗೆ ನಗು ಬಂದೀತು.

ಎಲ್ಲಿಗೆ ಎನ್ನುವುದನ್ನು ಆಮೇಲೆ ನೋಡೋಣ. ಮೊದಲು ಯಾವ ಲೆಕ್ಕದಲ್ಲಿ ತೂಗಬೇಕು ಎನ್ನುವುದು ಗೊತ್ತಾಗಲಿ.

ಮೊದಲು ತಿಂಗಳು ನೋಡಿ

ಎಲ್ಲಕ್ಕಿಂತ ಮುಖ್ಯ ಇದೇ. ಆದರೆ ಎಲ್ಲರೂ ಕೊನೆಗೆ ಯೋಚಿಸುವುದೂ ಇದನ್ನೇ. ಅಡಿಕೆ ತೋಟದ ಮನೆಗೆ ಪುರುಸೊತ್ತು ಸಿಗುವುದು ಯಾವಾಗ ಹೇಳಿ. ದಸರಾ ಆಸುಪಾಸಿನಿಂದ ಕೊನೆಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಅಂತ ಜನವರಿ ದಾಟುತ್ತದೆ. ಬೇಸಿಗೆಯಲ್ಲಿ ಮದುವೆ, ಉಪನಯನ, ತೋಟಕ್ಕೆ ನೀರು. ಮಳೆ ಹಿಡಿಯುವ ಮೊದಲು ಅಡಿಕೆಯ ಕೊಳೆರೋಗಕ್ಕೆ ಒಂದು ಸಲ ಬೋರ್ಡೊ ಮದ್ದು. ಅಲ್ಲಿಂದ ಎರಡನೇ ಮದ್ದಿಗೆ 40–45 ದಿನ. ಒಂದು ವಾರ ಕದಿಯಲು ಸಿಗುವುದು ಆ ಸಂದಿಯಲ್ಲೇ, ಅಂದರೆ ಜೂನ್ ಕೊನೆ ಅಥವಾ ಜುಲೈಯಲ್ಲಿ. ಗದ್ದೆ ಇದ್ದವರಿಗೆ ನಾಟಿ ಬೇರೆ ಇರುತ್ತದೆ, ಅದು ಅವರವರ ಲೆಕ್ಕ.

ತೊಂದರೆ ಏನೆಂದರೆ, ನಮ್ಮ ಅಂಗಳಕ್ಕೆ ಸುರಿಯುವ ನೈರುತ್ಯ ಮುಂಗಾರೇ ಆ ಹೊತ್ತಿಗೆ ಅರಬ್ಬೀ ಸಮುದ್ರವನ್ನೂ ಕಡೆಯುತ್ತಿರುತ್ತದೆ. ಮಲ್ಪೆಯ ಪ್ರವಾಸಿ ದೋಣಿಗಳು ದಡ ಸೇರಿರುತ್ತವೆ. ಲಕ್ಷದ್ವೀಪದ ಹಡಗುಗಳ ಓಡಾಟ ಕಡಿಮೆಯಾಗಿ ಪ್ರವಾಸಿ ಪ್ಯಾಕೇಜ್‌ಗಳೂ ನಿಂತಿರುತ್ತವೆ. ಮಾಲ್ಡೀವ್ಸ್‌ನಲ್ಲಿ ಮೇಯಿಂದ ಅಕ್ಟೋಬರ್‌ವರೆಗೆ ಗಾಳಿ ಮಳೆ. ಅಂಡಮಾನಿನಲ್ಲೂ ಮಳೆಗಾಲ. ಆಗುಂಬೆಯ ಮಳೆ ಬಿಟ್ಟು ಅಲ್ಲಿಯ ಮಳೆ ನೋಡಲು ಸಾಲ ಮಾಡಿ ಹೋಗಬೇಕೇ?

ಭೂಮಧ್ಯರೇಖೆಯ ಕೆಳಗೆ ಲೆಕ್ಕ ತಿರುಗಾಮುರುಗ. ಬಾಲಿಯ ಪಕ್ಕದ ಲೊಂಬೊಕ್, ಅದರ ಮಗ್ಗುಲಲ್ಲಿರುವ ಮೂರು ಗಿಲಿ ದ್ವೀಪಗಳು ದಕ್ಷಿಣಕ್ಕೆ ಸುಮಾರು 8 ಡಿಗ್ರಿಯಲ್ಲಿವೆ. ಅಲ್ಲಿ ಮೇಯಿಂದ ಸೆಪ್ಟೆಂಬರ್‌ವರೆಗೆ ಒಣಹವೆ, ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ. ಜುಲೈಯಲ್ಲೇ ಬಿಡುವಾಗುವ ಬೆಳೆಗಾರರಿಗೆ ಇಲ್ಲಿಗೇ ಅರ್ಧ ತೀರ್ಮಾನವಾದಂತೆ. ಮೇಷ್ಟ್ರುಗಳಿಗೆ, ನೌಕರಿಯವರಿಗೆ ಹಾಗಲ್ಲ. ದಸರಾ ರಜೆಯಲ್ಲಿ ಗಿಲಿ ಇನ್ನೂ ಒಣಗಿಯೇ ಇರುತ್ತದೆ, ಲಕ್ಷದ್ವೀಪ ಆಗಷ್ಟೇ ತೆರೆದುಕೊಳ್ಳುತ್ತಿರುತ್ತದೆ. ಕ್ರಿಸ್ಮಸ್‌ನಿಂದ ಮಾರ್ಚ್‌ವರೆಗೆ ಗಿಲಿ ಬಿಟ್ಟು ಉಳಿದೆಲ್ಲವೂ ಚೆನ್ನ.

ಇನ್ನೊಂದು ವಿಷಯ. ಲಕ್ಷದ್ವೀಪ, ಮಾಲ್ಡೀವ್ಸ್, ಗಿಲಿ ಮೂರೂ ಕಡೆ ಊರವರು ಮುಸ್ಲಿಮರು. ರಂಜಾನ್ ಈಗಿನ ವರ್ಷಗಳಲ್ಲಿ ಫೆಬ್ರುವರಿ–ಮಾರ್ಚ್‌ನಲ್ಲಿ, ಅಂದರೆ ಸರಿಯಾಗಿ ಹವೆ ಚೆನ್ನಾಗಿರುವ ಹೊತ್ತಿಗೇ ಬರುತ್ತಿದೆ. ಮಾಲ್ಡೀವ್ಸ್‌ನ ಊರ ದ್ವೀಪಗಳಲ್ಲಿ ಆಗ ಹಗಲು ಹೋಟೆಲು ಮುಚ್ಚಿರುತ್ತದೆ. ಗೆಸ್ಟ್‌ಹೌಸಿನವರು ಊಟ ಕೊಡುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಉಳಿದ ಅಳತೆಗೋಲುಗಳು

ಎಷ್ಟು ಸಲ ಇಳಿದು ಹತ್ತಬೇಕು? ವಾಹನವಿಲ್ಲದ ದ್ವೀಪ ಎಂದರೆ ನಿಮ್ಮ ಬ್ಯಾಗನ್ನು ಕೋಣೆಯವರೆಗೆ ಒಯ್ಯುವ ವಾಹನವೂ ಇಲ್ಲ ಎಂದರ್ಥ. ಗಾಲಿಯ ಸೂಟ್‌ಕೇಸ್ ಮರಳಿನಲ್ಲಿ ಉರುಳುವುದಿಲ್ಲ. ಶಿವಮೊಗ್ಗದಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೇ 300 ಕಿ.ಮೀ. ಆಸುಪಾಸು ಎನ್ನುವುದನ್ನೂ ಸೇರಿಸಿಕೊಳ್ಳಿ. ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದಲೇ ವಿಮಾನ ಸಿಕ್ಕರೆ ಸಂತೋಷ. ಆದರೆ ಮೋಡ ಮುಸುಕಿದ ದಿನ ಅದು ಇಳಿಯದೆ ವಾಪಸಾಗುವುದೂ ಉಂಟು. ಅದನ್ನು ನೆಚ್ಚಿಕೊಂಡು ಅದೇ ದಿನದ ವಿದೇಶಿ ವಿಮಾನ ಹಿಡಿಯುವ ಧೈರ್ಯ ನನಗಂತೂ ಇಲ್ಲ.

ಸಂಜೆ ಆರರ ಮೇಲೆ ಏನು ಬೇಕು? ಹಗಲು ಎಲ್ಲ ದ್ವೀಪದಲ್ಲೂ ನೀರು, ಮರಳು, ಬಿಸಿಲು ಅಷ್ಟೇ. ಒಂದರಿಂದ ಇನ್ನೊಂದು ಬೇರೆಯಾಗುವುದು ಸಂಜೆಯಲ್ಲಿ. ಸಂಗೀತ, ಬಿಯರು, ಜನ ಬೇಕೋ, ಹಾಸಿಗೆ ಸೇರುವವರೆಗೆ ಅಲೆಯ ಸದ್ದೊಂದೇ ಸಾಕೋ ಎಂದು ಜೊತೆಗೆ ಬರುವವರನ್ನೂ ಕೇಳಿ. ಗಂಡ ಹೆಂಡಿರ ನಡುವೆಯೇ ಈ ವಿಷಯದಲ್ಲಿ ಒಮ್ಮತ ಇರುವುದಿಲ್ಲ.

ಊಟ, ಕಾಲು, ಹೊಟ್ಟೆ. ಶುದ್ಧ ಸಸ್ಯಾಹಾರಿಗಳಿದ್ದಾರೆಯೇ? ಮಂಡಿನೋವಿನವರು ಅಲ್ಲಾಡುವ ದೋಣಿಗೆ ಕಾಲಿಡಬಲ್ಲರೇ? ಆಗುಂಬೆ ಘಾಟಿಯ ತಿರುವಿಗೇ ಅವೋಮಿನ್ ನುಂಗುವವರಿಗೆ ಎರಡು ಗಂಟೆಯ ಸ್ಪೀಡ್‌ಬೋಟ್ ಹಗುರದ ಮಾತಲ್ಲ.

ಕೊನೆಯದು ದುಡ್ಡು. ಕೋಣೆಯ ಬಾಡಿಗೆ ನೋಡಿ ಮೋಸ ಹೋಗಬೇಡಿ. ಹೋಗಿಬರುವ ಖರ್ಚು ಬೇರೆ, ಅಲ್ಲಿ ದಿನಕ್ಕೆ ತಗಲುವ ಖರ್ಚು ಬೇರೆ. ಎರಡನ್ನೂ ಬೇರೆ ಬೇರೆ ಬರೆದುಕೊಂಡರೆ ಎಷ್ಟು ದಿನ ಉಳಿಯಬೇಕು ಎನ್ನುವುದೂ ಅಲ್ಲೇ ಗೊತ್ತಾಗುತ್ತದೆ.

ಗಿಲಿ: ದೂರ, ಆದರೆ ಸುಲಭ

ಟ್ರಾವಾಂಗನ್, ಮೆನೊ, ಏರ್ ಎಂಬ ಮೂರು ದ್ವೀಪಗಳು. ಪೆಟ್ರೋಲ್ ಗಾಡಿಗೆ ಅವಕಾಶವಿಲ್ಲ. ಸೈಕಲ್ಲು, ಇಲ್ಲವೇ ಸಿಡೊಮೊ ಎಂಬ ಪುಟ್ಟ ಕುದುರೆಗಾಡಿ. ಈಚೆಗೆ ಬ್ಯಾಟರಿ ಬೈಕುಗಳು ನುಸುಳಿವೆ, ಆ ಮಟ್ಟಿಗೆ ಮೊದಲಿನ ಮಾತಿಲ್ಲ. ಜೆಟ್ಟಿ ಇದ್ದರೂ ಎಷ್ಟೋ ದೋಣಿಗಳು ಮರಳಿಗೇ ಬಂದು ನಿಲ್ಲುತ್ತವೆ. ಪ್ಯಾಂಟು ಮಂಡಿಗೆ ಮಡಿಚಿ, ಚಪ್ಪಲಿ ಕೈಯಲ್ಲಿ ಹಿಡಿದು ನೀರಿಗಿಳಿಯಬೇಕು. ದೋಣಿಯವರು ಸೂಟ್‌ಕೇಸನ್ನು ಹೆಗಲ ಮೇಲಿಟ್ಟು ದಡಕ್ಕೆ ತಂದಿಡುತ್ತಾರೆ. ಅಲ್ಲಿ ಗೆಜ್ಜೆ, ಗಂಟೆ ಕಟ್ಟಿಕೊಂಡ ಕುದುರೆಗಳು ಬಿಸಿಲಿನಲ್ಲಿ ಕಾದು ನಿಂತಿರುತ್ತವೆ. ಅವುಗಳ ಆರೋಗ್ಯದ ಬಗ್ಗೆ ಬಹಳ ವರ್ಷಗಳಿಂದ ತಕರಾರು ಇದೆ. ಸಾಮಾನು ಹಗುರವಿದ್ದರೆ ನಡೆದೇ ಹೋಗಿ. ಮೂರರಲ್ಲಿ ದೊಡ್ಡದಾದ ಟ್ರಾವಾಂಗನ್‌ನ ಸುತ್ತಳತೆಯೇ ಸುಮಾರು 7 ಕಿ.ಮೀ.

ಮೂರರಲ್ಲಿ ಯಾವುದು? ಟ್ರಾವಾಂಗನ್‌ನಲ್ಲಿ ರಾತ್ರಿ ಸಂಗೀತ, ಬಾರು, ಗದ್ದಲ. ಮೆನೊ ಎಲ್ಲಕ್ಕಿಂತ ಚಿಕ್ಕದು, ಮೌನಿ. ನಡುವೆ ಒಂದು ಉಪ್ಪುನೀರಿನ ಕೆರೆ, ದಡದ ಹತ್ತಿರ ಸಮುದ್ರದಡಿ 48 ಮನುಷ್ಯಾಕೃತಿಗಳ ಶಿಲ್ಪವೃತ್ತ. ಹೊಸದಾಗಿ ಮದುವೆಯಾದವರಿಗೆ ಮೆನೊ ಸರಿ, ಹದಿನೈದು ವರ್ಷದ ಮಗನನ್ನು ಕರೆದುಕೊಂಡು ಹೋದರೆ ಎರಡನೇ ದಿನಕ್ಕೇ ಗೊಣಗಾಟ ಶುರು. ಏರ್ ಎರಡರ ನಡುವಿನದು. ಹೋಟೆಲುಗಳಿವೆ, ಊರಿದೆ, ಮಕ್ಕಳು ಶಾಲೆಗೆ ಹೋಗುವುದು ಕಾಣುತ್ತದೆ, ಹತ್ತಕ್ಕೆಲ್ಲ ಸದ್ದಡಗುತ್ತದೆ. ಕುಟುಂಬ ಎಂದರೆ ನಾನು ಕಣ್ಣುಮುಚ್ಚಿ ಏರ್ ಎನ್ನುತ್ತೇನೆ. ಮೂರೂ ಕಡೆ ಕನ್ನಡಕ, ಕೊಳವೆ ಹಾಕಿಕೊಂಡು ನೀರಿನಲ್ಲಿ ಮುಖವಿಟ್ಟರೆ ಕಡಲಾಮೆ ಕಾಣುವ ಅವಕಾಶ ಚೆನ್ನಾಗಿದೆ. ಇಳಿತದ ಹೊತ್ತಿನಲ್ಲಿ ಮಾತ್ರ ದಡದ ಹವಳದ ಚೂರು ಕಾಲು ಕುಯ್ಯುತ್ತದೆ, ರಬ್ಬರ್ ಶೂ ಬೇಕು.

ದಾರಿ: ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನವಾದರೆ ಏಳು ಗಂಟೆ ಆಸುಪಾಸು. ಅಲ್ಲಿಂದ ಪಡಂಗ್‌ಬಾಯ್ ಬಂದರಿಗೆ ಕಾರು, ಮತ್ತೆ ಎರಡು ಗಂಟೆಯ ಸ್ಪೀಡ್‌ಬೋಟ್. ನಮಗೆ ಬಿಡುವಿರುವ ಜುಲೈಯಲ್ಲಿ ಆಕಾಶ ತಿಳಿಯಾಗಿದ್ದರೂ ಲೊಂಬೊಕ್ ಜಲಸಂಧಿಯಲ್ಲಿ ಗಾಳಿ ಜೋರು, ದೋಣಿ ಕುಪ್ಪಳಿಸುತ್ತದೆ. ಹೊಟ್ಟೆ ತಡೆಯದವರು ವಿಮಾನದಲ್ಲೇ ಲೊಂಬೊಕ್‌ಗೆ ಹೋಗಿ, ಬಂಗ್ಸಲ್ ಬಂದರಿನಿಂದ ಅರ್ಧ ಗಂಟೆಯೊಳಗಿನ ದೋಣಿ ಹಿಡಿಯುವುದು ವಾಸಿ. ಜನ ತುಂಬಿದ ಮೇಲೆ ಹೊರಡುವ ಊರ ದೋಣಿಗಳವು. ನಮ್ಮ ಖಾಸಗಿ ಬಸ್ಸಿಗೆ ಒಗ್ಗಿದವರಿಗೆ ಹೊಸದೇನಲ್ಲ.

ಭಾರತೀಯರಿಗೆ ಇಂಡೋನೇಷ್ಯಾದಲ್ಲಿ ಇಳಿದ ಮೇಲೆ ವೀಸಾ ಸಿಗುತ್ತದೆ. 30 ದಿನಕ್ಕೆ ಅವರ ದುಡ್ಡಿನಲ್ಲಿ 5 ಲಕ್ಷ ರುಪಿಯಾ, ನಮ್ಮ ಲೆಕ್ಕದಲ್ಲಿ ಮೂರು ಸಾವಿರದ ಆಸುಪಾಸು. ಬಾಲಿಗೆ ಕಾಲಿಟ್ಟರೆ 2024ರಿಂದ ಇನ್ನೂ 1.5 ಲಕ್ಷ ರುಪಿಯಾ ಪ್ರವಾಸಿ ತೆರಿಗೆ. ಪಾಸ್‌ಪೋರ್ಟಿಗೆ ಆರು ತಿಂಗಳು ಆಯುಷ್ಯವಿರಲಿ. ವಿಮಾನದ ಟಿಕೆಟೇ ಇಲ್ಲಿ ದೊಡ್ಡ ಹೊರೆ. ತಲುಪಿದ ಮೇಲೆ ಕೋಣೆ, ಊಟ ಮಾಲ್ಡೀವ್ಸ್‌ಗೆ ಹೋಲಿಸಿದರೆ ಅಗ್ಗ. ಹಾಗಾಗಿ ಮೂರು ದಿನಕ್ಕೆ ಗಿಲಿಗೆ ಹೋಗುವುದು ದಂಡ. ಎಂಟು ಹತ್ತು ದಿನ ಇದ್ದರೆ ಟಿಕೆಟ್ಟಿನ ದುಡ್ಡು ಹುಟ್ಟುತ್ತದೆ.

ಸಸ್ಯಾಹಾರಿಗಳಿಗೆ ಸೋಯಾ ಹುದುಗಿಸಿ ಮಾಡುವ ಟೆಂಪೆ, ತೋಫು, ಶೇಂಗಾ ಗೊಜ್ಜು ಹಾಕಿದ ತರಕಾರಿಯ ಗಾಡೊ-ಗಾಡೊ ಸಿಗುತ್ತದೆ. ಆದರೆ ಅವರ ಸಂಬಾಲ್ ಚಟ್ನಿಯಲ್ಲಿ, ಎಷ್ಟೋ ಸಲ ಆ ಗೊಜ್ಜಿನಲ್ಲೂ ತೆರಾಸಿ ಎಂಬ ಸಿಗಡಿ ಹಿಂಡಿ ಬೆರೆತಿರುತ್ತದೆ. ‘ತೆರಾಸಿ ಬೇಡ’ ಎಂದು ಹೆಸರು ಹಿಡಿದೇ ಹೇಳಬೇಕು. ವೆಜ್ ಎಂದರೆ ಸಾಲದು.

ಮಾಲ್ಡೀವ್ಸ್: ಹತ್ತಿರ, ಆದರೆ ದಿನದಿನಕ್ಕೂ ದುಬಾರಿ

ಇಲ್ಲಿ ಎರಡು ಮಾಲ್ಡೀವ್ಸ್ ಇದೆ. ನೀರ ಮೇಲಿನ ಮರದ ಮನೆಗಳ ರೆಸಾರ್ಟ್ ಒಂದು. ಅದರ ಬಗ್ಗೆ ನಾನು ಹೇಳಬೇಕಾದ್ದೇನಿಲ್ಲ, ದುಡ್ಡಿದ್ದವರಿಗೆ ಯಾರ ಸಲಹೆಯೂ ಬೇಡ. ಇನ್ನೊಂದು ಊರವರು ಬದುಕುವ ಪುಟ್ಟ ದ್ವೀಪಗಳ ಗೆಸ್ಟ್‌ಹೌಸು. ನಮ್ಮಂಥವರಿಗೆ ಅದೇ. ವಾವು ಹವಳದ್ವೀಪ ಸಮೂಹದ ಫುಲಿಧೂನಂಥದ್ದು ಈ ತುದಿಯಿಂದ ಆ ತುದಿಗೆ ಹತ್ತು ಹದಿನೈದು ನಿಮಿಷದ ನಡಿಗೆ. ದಡಕ್ಕೇ ತೊರಕೆ (ಸ್ಟಿಂಗ್‌ರೇ) ಮೀನುಗಳು ಬರುತ್ತವೆ. ಮಾಫುಶಿಯ ಹೆಸರು ಎಲ್ಲೆಡೆ ಕೇಳಿರುತ್ತೀರಿ. ಹೋಟೆಲು, ಜನ, ಗಾಡಿ ಎಲ್ಲ ತುಂಬಿದ ಜಾಗ ಅದು, ಸದ್ದಿಲ್ಲದಿರುವುದೇ ನಿಮ್ಮ ಉದ್ದೇಶವಾದರೆ ಬಿಟ್ಟುಬಿಡಿ.

ಬೆಂಗಳೂರಿನಿಂದ ಮಾಲೆಗೆ ನೇರ ವಿಮಾನದಲ್ಲಿ ಎರಡು ಗಂಟೆ. ವೀಸಾ ಶುಲ್ಕವಿಲ್ಲ, ಹೊರಡುವ ನಾಲ್ಕು ದಿನದೊಳಗೆ ಆನ್‌ಲೈನ್‌ನಲ್ಲಿ ಇಮುಗಾ ಎಂಬ ಪ್ರಯಾಣಿಕರ ಘೋಷಣೆಯ ಅರ್ಜಿ ತುಂಬಿದರಾಯಿತು. ವಿಮಾನ ನಿಲ್ದಾಣದ ಬಾಗಿಲ ಮುಂದೆಯೇ ದೋಣಿಕಟ್ಟೆ. ಇಳಿದು ಹತ್ತುವ ಲೆಕ್ಕದಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ, ವಯಸ್ಸಾದ ಅಪ್ಪ ಅಮ್ಮನನ್ನು ಕರೆದೊಯ್ಯುವವರಿಗೆ ನನ್ನ ಮೊದಲ ಆಯ್ಕೆ. ಸರ್ಕಾರಿ ಫೆರಿ ಬಲು ಅಗ್ಗ, ಆದರೆ ನಿಧಾನ, ಶುಕ್ರವಾರ ಇಲ್ಲ. ಗುರುವಾರ ರಾತ್ರಿ ಇಳಿಯುವಂತೆ ಟಿಕೆಟ್ ಮಾಡಿಸಿದರೆ ಸ್ಪೀಡ್‌ಬೋಟಿಗೇ ದುಡ್ಡು ಸುರಿಯಬೇಕಾದೀತು.

ಖರ್ಚು ಹೆಚ್ಚಾಗುವುದು ಅಲ್ಲಿಂದ ಮುಂದೆ. ಮೀನು, ತೆಂಗು ಬಿಟ್ಟು ಬಹುತೇಕ ಎಲ್ಲವೂ ಹಡಗಿನಲ್ಲೇ ಬರಬೇಕು. ಬಿಲ್ಲಿನ ಮೇಲೆ 2025ರ ಜುಲೈಯಿಂದ 17 ಶೇಕಡಾ ತೆರಿಗೆ, ಜೊತೆಗೆ ಸಾಮಾನ್ಯವಾಗಿ 10 ಶೇಕಡಾ ಸೇವಾಶುಲ್ಕ. ಸಣ್ಣ ಗೆಸ್ಟ್‌ಹೌಸಿನಲ್ಲಿ ತಲೆಗೆ ರಾತ್ರಿಗೆ 6 ಡಾಲರ್ ಹಸಿರು ತೆರಿಗೆ. ನಾಲ್ಕು ಜನರ ಕುಟುಂಬ ಐದು ರಾತ್ರಿ ಇದ್ದರೆ ಈ ಹಸಿರು ತೆರಿಗೆಯೇ 120 ಡಾಲರ್ ಆಯಿತು. ಆದ್ದರಿಂದ ಗಿಲಿಯದಕ್ಕೆ ಉಲ್ಟಾ, ಮೂರು ನಾಲ್ಕು ರಾತ್ರಿಗೆ ಮಾಲ್ಡೀವ್ಸ್ ಲಾಭ. ಅದಕ್ಕಿಂತ ಹೆಚ್ಚಾದಷ್ಟೂ ಕೈ ಸುಡುತ್ತದೆ.

ಊರ ದ್ವೀಪಗಳಲ್ಲಿ ಮದ್ಯ ಇಲ್ಲವೇ ಇಲ್ಲ, ಬ್ಯಾಗಿನಲ್ಲಿ ಒಯ್ಯುವಂತೆಯೂ ಇಲ್ಲ. ಈಜುಡುಗೆಗೆ ಬೇರೆಯೇ ಕಡಲತೀರ ಗುರುತಿಸಿರುತ್ತಾರೆ. ಪೂಜೆಯ ವಿಗ್ರಹ ತರುವುದಕ್ಕೂ ಕಸ್ಟಮ್ಸ್ ನಿಷೇಧವಿದೆ. ಪ್ರಯಾಣಕ್ಕೆಂದು ಚಿಕ್ಕ ಗಣಪತಿಯನ್ನು ಬ್ಯಾಗಿಗೆ ಹಾಕುವ ಅಮ್ಮಂದಿರಿಗೆ ಹೊರಡುವ ಮೊದಲೇ ಹೇಳಿ. ಬೆಳಗಿನ ತಿಂಡಿ ಮಾಸ್ ಹುನಿ, ಅಂದರೆ ತೆಂಗಿನ ತುರಿ, ಈರುಳ್ಳಿ, ಮೆಣಸಿನ ಜೊತೆ ಟ್ಯೂನಾ. ಜೊತೆಗೆ ಕೊಡುವ ರೋಶಿ ನಮ್ಮ ಚಪಾತಿಯೇ. ಮೀನು ತಿನ್ನುವವರಿಗೆ ಸ್ವರ್ಗ. ತಿನ್ನದವರಿಗೆ ರೋಶಿ, ಬೇಳೆಸಾರು, ಅನ್ನದಲ್ಲಿ ದಿನ ಹೋಗುತ್ತದೆ, ಒಂದು ಡಬ್ಬಿ ಚಟ್ನಿಪುಡಿ ಕೈಲಿರಲಿ.

ಲಕ್ಷದ್ವೀಪ: ಪಾಸ್‌ಪೋರ್ಟ್ ಬೇಡ, ತಾಳ್ಮೆ ಬೇಕು

ನಮಗೆ ಇದು ಪೂರ್ತಿ ಪರಸ್ಥಳವೇನಲ್ಲ. ಕದ್ಮತ್, ಅಮಿನಿ, ಕಿಲ್ತಾನ್, ಚೆತ್ಲಾತ್ ದ್ವೀಪಗಳು 1956ರವರೆಗೆ ಮಂಗಳೂರಿನಿಂದಲೇ ಆಳಿಸಿಕೊಂಡವು, ಅದಕ್ಕೂ ಹಿಂದೆ ಕೆಲವು ಕಾಲ ಟಿಪ್ಪುವಿನ ಕೈಯಲ್ಲಿದ್ದವು. ಇವತ್ತಿಗೂ ಮಂಗಳೂರಿನ ಹಳೇ ಬಂದರಿನಿಂದ ಜಲ್ಲಿ, ತರಕಾರಿ, ಸಾಮಾನು ಹೇರಿಕೊಂಡು ಮಂಜಿ ಎಂಬ ಸರಕು ಹಡಗುಗಳು ಹೊರಡುತ್ತವೆ. ಪ್ರಯಾಣಿಕರ ಹಡಗಿನ ಮಾತು ಆಗಾಗ ಏಳುತ್ತದೆ, ಅದನ್ನು ನಂಬಿ ರಜೆ ಹಾಕಬೇಡಿ. ಖಾತ್ರಿ ದಾರಿ ಕೊಚ್ಚಿಯದೇ. ಹಡಗಿನಲ್ಲಿ 14ರಿಂದ 18 ಗಂಟೆ, ಇಲ್ಲವೇ ಅಗತ್ತಿಗೆ ಒಂದೂವರೆ ಗಂಟೆಯ ಸಣ್ಣ ವಿಮಾನ. ಬೆಂಗಳೂರು–ಅಗತ್ತಿ ನೇರ ವಿಮಾನ 2024ರಲ್ಲಿ ಶುರುವಾಗಿತ್ತು, ನೀವು ಹೊರಡುವ ತಿಂಗಳಲ್ಲಿ ಇದೆಯೇ ಎಂದು ನೋಡಿಕೊಳ್ಳಿ.

ಪ್ರವೇಶಕ್ಕೆ ಅನುಮತಿ ಬೇಕೇ ಬೇಕು. ಪ್ಯಾಕೇಜ್ ತೆಗೆದುಕೊಂಡರೆ ಅವರೇ ಮಾಡಿಸುತ್ತಾರೆ. ಇಲ್ಲೊಂದು ಎಚ್ಚರ. ಸರ್ಕಾರಿ ‘ಸಮುದ್ರಂ’ ಪ್ಯಾಕೇಜಿನಲ್ಲಿ ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ತೋರಿಸಿ ರಾತ್ರಿ ಹಡಗಿನಲ್ಲೇ ಮಲಗಿಸುತ್ತಾರೆ. ಮಿನಿಕಾಯ್‌ನ 1885ರ ದೀಪಸ್ತಂಭ ಹತ್ತಿದವರು ಮರೆಯುವುದಿಲ್ಲ. ನೋಡುವುದಕ್ಕೆ ಸೊಗಸಾದ ಪ್ರವಾಸ, ವಿಶ್ರಾಂತಿ ಮಾತ್ರ ಅಲ್ಲ. ಸುಮ್ಮನೆ ಬಿದ್ದುಕೊಳ್ಳಬೇಕಾದರೆ ಅಗತ್ತಿಯಿಂದ ದೋಣಿ ಹಿಡಿದು ಬಂಗಾರಂ ಅಥವಾ ಪಕ್ಕದ ತಿನ್ನಕರ. ಬಂಗಾರಂನಲ್ಲಿ ಊರಿಲ್ಲ, ರಸ್ತೆಯಿಲ್ಲ, ತಂಗುದಾಣ ಬಿಟ್ಟರೆ ತೆಂಗಿನ ಮರ. ಈ ಬರಹದಲ್ಲಿ ಬರುವ ಎಲ್ಲ ಜಾಗಗಳಲ್ಲಿ ವಾಹನವಿಲ್ಲ ಎಂಬ ಮಾತು ಪೂರ್ತಿ ನಿಜವಾಗುವುದು ಬಹುಶಃ ಇಲ್ಲೇ. ಇಡೀ ಲಕ್ಷದ್ವೀಪದಲ್ಲಿ ಮದ್ಯಕ್ಕೆ ಅವಕಾಶವಿರುವುದೂ ಇಲ್ಲೊಂದೇ ಕಡೆ. ನೀರಂತೂ ಮಾಲ್ಡೀವ್ಸ್‌ಗೆ ಒಂದು ಚೂರೂ ಕಡಿಮೆಯಿಲ್ಲ.

ಕಡಿಮೆಯಿರುವುದು ಆಯ್ಕೆ. ಕೋಣೆ ಕೆಲವೇ, ಬೆಲೆ ಮೇಲೆಯೇ. ಊಟ ಇಷ್ಟವಾಗದಿದ್ದರೆ ಪಕ್ಕದ ಹೋಟೆಲಿಗೆ ಹೋಗುವಂತಿಲ್ಲ. ಹವೆ ಕೆಟ್ಟರೆ ದೋಣಿ ನಿಲ್ಲುತ್ತದೆ. ಡಿಸೆಂಬರ್‌ಗೆ ಹೋಗುವವರು ಮಳೆಗಾಲ ಮುಗಿಯುವ ಮೊದಲೇ ಮಾತಾಡಿಕೊಳ್ಳಬೇಕು. ಪಾಸ್‌ಪೋರ್ಟ್ ಇಲ್ಲದವರಿಗೆ, ಡಾಲರ್ ಬದಲಿಸುವ ತಲೆನೋವು ಬೇಡ ಎನ್ನುವವರಿಗೆ ಇಷ್ಟು ಕಾಯುವುದರಲ್ಲಿ ನಷ್ಟವಿಲ್ಲ.

ಅಷ್ಟು ದೂರ ಬೇಡ ಎನ್ನುವವರಿಗೆ

ಅಂಡಮಾನಿನ ಶಹೀದ್ ದ್ವೀಪ, ಹಳೆಯ ಹೆಸರು ನೀಲ್. ಅನುಮತಿ, ವೀಸಾ ಯಾವುದೂ ಬೇಡ. ಆಟೊ, ಸ್ಕೂಟರ್ ಇವೆ, ಹಾಗಾಗಿ ಅದು ನಮ್ಮ ಪಟ್ಟಿಗೆ ನಿಜವಾಗಿ ಸೇರುವುದಿಲ್ಲ. ಆದರೆ ಬಾಡಿಗೆ ಸೈಕಲ್ಲಿನಲ್ಲಿ ತರಕಾರಿ ಗದ್ದೆಗಳ ನಡುವೆ ಇಡೀ ದ್ವೀಪ ತಿರುಗಬಹುದು, ಸಸ್ಯಾಹಾರಿ ಊಟಕ್ಕೆ ಕಷ್ಟವಿಲ್ಲ. ಡಿಸೆಂಬರ್‌ನಿಂದ ಏಪ್ರಿಲ್, ಮಧ್ಯಮ ಬಜೆಟ್, ವಿದೇಶ ಬೇಡ ಎನ್ನುವವರು ಗಾಡಿಯ ಸದ್ದನ್ನು ಸ್ವಲ್ಪ ಸಹಿಸಿಕೊಂಡು ಇಲ್ಲಿಗೆ ಹೋಗಬಹುದು.

ಒಂದೇ ದಿನಕ್ಕಾದರೆ ಮಲ್ಪೆಯಿಂದ ಸೇಂಟ್ ಮೇರೀಸ್. ಮಡಗಾಸ್ಕರ್ ಭಾರತದಿಂದ ಕಳಚಿಕೊಂಡ ಕಾಲದ, ಸುಮಾರು 8.8 ಕೋಟಿ ವರ್ಷ ಹಳೆಯ ಲಾವಾ ಕಂಬಗಳು ಅಲ್ಲಿವೆ. ಉಳಿಯಲು ಬಿಡುವುದಿಲ್ಲ, ಭಾನುವಾರ ಜಾತ್ರೆ. ಕಾರವಾರದ ಕೂರ್ಮಗಡದಲ್ಲಿ ಕಾಡು, ನರಸಿಂಹನ ಗುಡಿ ಇವೆ.

ನಮ್ಮ ಜಿಲ್ಲೆಯೊಳಗೇ ಇರುವುದು ಹೊನ್ನೆಮರಡು. ಲಿಂಗನಮಕ್ಕಿಯ ಹಿನ್ನೀರಿನ ನಡುವಿನ ನಡುಗಡ್ಡೆಗೆ ತೆಪ್ಪದಲ್ಲೋ ಕಯಾಕಿನಲ್ಲೋ ಹೋಗಿ ಡೇರೆಯಲ್ಲಿ ಮಲಗುವುದು. ಮೊದಲೇ ಕೇಳಿಕೊಂಡು ಹೋಗಬೇಕು. ಅದು ರೆಸಾರ್ಟ್ ಅಲ್ಲ, ಹಾಸಿಗೆ ಮೆತ್ತಗಿರಲಿ ಎನ್ನುವವರು ಹೋಗಬೇಡಿ. ಕೊಯ್ಲು ಮುಗಿದ ಮೇಲಿನ ಫೆಬ್ರುವರಿಯ ಎರಡು ರಾತ್ರಿಗೆ, ಕಾಲೇಜಿನ ಮಕ್ಕಳ ಜೊತೆ, ಪೆಟ್ರೋಲ್ ದುಡ್ಡಿಗಿಂತ ಸ್ವಲ್ಪ ಹೆಚ್ಚಿನಲ್ಲಿ ಇದಕ್ಕೆ ಸಮನಾದದ್ದು ಇಲ್ಲ. ದೊಡ್ಡ ಪ್ರವಾಸಕ್ಕೆ ಮೊದಲು, ಮೊಬೈಲ್ ಸಿಗ್ನಲ್ ಇಲ್ಲದಿದ್ದರೆ ಮನೆಯವರು ತಡೆದುಕೊಳ್ಳುತ್ತಾರೆಯೇ ಎಂದು ಪರೀಕ್ಷಿಸುವುದಕ್ಕೂ ಆಯಿತು.

ಟಿಕೆಟ್ ಮಾಡಿಸುವ ಮುನ್ನ

ಎಲ್ಲಿಗಾದರೂ ಸರಿ, ಹಿಂತಿರುಗುವ ವಿಮಾನದ ಹಿಂದಿನ ರಾತ್ರಿ ದ್ವೀಪದಲ್ಲಿ ಉಳಿಯಬೇಡಿ. ಗಿಲಿಯಾದರೆ ಬಾಲಿ ಅಥವಾ ಲೊಂಬೊಕ್‌ಗೆ, ಬಂಗಾರಂ ಆದರೆ ಅಗತ್ತಿಗೆ, ಮಾಲ್ಡೀವ್ಸ್ ಆದರೆ ವಿಮಾನ ನಿಲ್ದಾಣದ ಪಕ್ಕದ ಹುಳುಮಾಲೆಗೆ ಒಂದು ದಿನ ಮೊದಲೇ ಬಂದುಬಿಡಿ. ಮಾಲ್ಡೀವ್ಸ್‌ನಲ್ಲಿ ವಿಮಾನ ರಾತ್ರಿಯದಾದರೆ ಆ ದಿನವೇ ಬೆಳಗಿನ ದೋಣಿ ಹಿಡಿದರೂ ನಡೆದೀತು, ಶುಕ್ರವಾರ ಒಂದನ್ನು ಬಿಟ್ಟು. ಕೋಣೆ ಕಾಯ್ದಿರಿಸುವಾಗ ರದ್ದು ಮಾಡಿದರೆ ದುಡ್ಡು ವಾಪಸ್ ಬರುವಂಥದ್ದನ್ನೇ ಹಿಡಿಯಿರಿ. ಆ ವರ್ಷ ಮಳೆ ಬಿಡದೆ ಹೊಡೆದು ಎರಡನೇ ಬೋರ್ಡೊ ಹದಿನೈದು ದಿನ ಮೊದಲೇ ಬೇಕಾದರೆ, ಮದ್ದು ಹೊಡೆಯುವವರು ಸಿಕ್ಕ ದಿನವೇ ತೋಟಕ್ಕೆ ಇಳಿಯಬೇಕಾಗುತ್ತದೆ.